‘ಮೊಳ’ ಅನ್ನಲಾಗದ ಹೂವಿನ ವ್ಯಾಪಾರಿ: ಸಚಿವರಿಬ್ಬರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ
ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ವಿಧಾನಸೌಧ, ಬೆಂಗಳೂರು.

ವಿಷಯ: ಬಾಯಿ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಬದುಕನ್ನೂ ಚಿಕಿತ್ಸೆಯ ಲೆಕ್ಕಕ್ಕೆ ಸೇರಿಸುವ ಬಗ್ಗೆ.

ಮಾನ್ಯರೇ,

ನಮ್ಮಪ್ಪ ಕೆ.ಆರ್. ಮಾರ್ಕೆಟ್ಟಿನಲ್ಲಿ 31 ವರ್ಷ ಹೂ ಮಾರಿದವರು. ಬೆಳಗಿನ ಜಾವ ಮೂರೂವರೆಗೆ ಚಾಮರಾಜಪೇಟೆಯ ಮನೆ ಬಿಟ್ಟರೆ ವಾಪಸು ಬರುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ. ನಿದ್ದೆ ತಡೆಯಲು ಎಲೆ ಅಡಿಕೆ, ಅದರ ಜೊತೆ ಹೊಗೆಸೊಪ್ಪು. 2023ರ ಶ್ರಾವಣದಲ್ಲಿ ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣಾಯಿತು. ವರಮಹಾಲಕ್ಷ್ಮಿ ಮುಗಿಯಲಿ ಅಂದರು. ಗಣೇಶನ ಹಬ್ಬ ಮುಗಿಯಲಿ ಅಂದರು. ಇನ್ನು ಆಯುಧಪೂಜೆಯ ವ್ಯಾಪಾರ ಬಿಟ್ಟು ಆಸ್ಪತ್ರೆಗೆ ಹೋಗುವ ಹೂವಿನವರು ಯಾರಿದ್ದಾರೆ? ಎಲ್ಲ ಮುಗಿದು ಬಯಾಪ್ಸಿ ಮಾಡಿಸುವ ಹೊತ್ತಿಗೆ ಅದು ನಾಲಿಗೆಯ ಅರ್ಧ ದಾಟಿತ್ತು. ನವೆಂಬರಿನಲ್ಲಿ ಆಪರೇಷನ್ ಆಯಿತು. ಹೊಸ ವರ್ಷದ ಮೊದಲ ವಾರದಿಂದ ಸೋಮವಾರದಿಂದ ಶುಕ್ರವಾರದವರೆಗೆ ಆರು ವಾರ, ಒಟ್ಟು 30 ಸಲ ರೇಡಿಯೇಷನ್. ವೇಟಿಂಗ್ ಹಾಲಿನ ಭಾಷೆಯಲ್ಲಿ ‘ಕರೆಂಟ್ ಕೊಡೋದು’.

ಕ್ಯಾನ್ಸರ್ ಮರಳಿ ಬಂದಿಲ್ಲ. ತಪಾಸಣೆಗೆ ಹೋದಾಗಲೆಲ್ಲ ಡಾಕ್ಟರು ಟಾರ್ಚ್ ಬಿಟ್ಟು ಬಾಯಿ ನೋಡುತ್ತಾರೆ, ಕತ್ತಿನ ಎರಡೂ ಕಡೆ ಒತ್ತಿ ನೋಡುತ್ತಾರೆ, ರೋಗದ ಕುರುಹಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಮೂರು ತಿಂಗಳು ಬಿಟ್ಟು ಬರಲು ಹೇಳುತ್ತಾರೆ. ಆ ಒಂದು ಸಾಲಿಗಾಗಿ ನಮ್ಮಮ್ಮ ಪ್ರತಿಸಲ ಹಿಂದಿನ ರಾತ್ರಿ ನಿದ್ದೆಗೆಡುತ್ತಾರೆ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿನವರು ಅಪ್ಪನ ಜೀವ ಉಳಿಸಿದ್ದಾರೆ, ಆ ಋಣ ನಮ್ಮ ಮೇಲಿದೆ. ಆದರೆ ಜೀವ ಉಳಿದ ಮೇಲೆ ಅಪ್ಪ ಹೇಗೆ ಬದುಕುತ್ತಿದ್ದಾರೆ ಎಂದು ಬರೆಯಲು ಆ ಚೀಟಿಯಲ್ಲಿ ಜಾಗವೇ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅಪ್ಪ ‘ಹೂವು’ ಅನ್ನಬಲ್ಲರು. ‘ಅಮ್ಮ’, ‘ಹಬ್ಬ’, ‘ಬಾ’ ಅನ್ನಬಲ್ಲರು. ಇವೆಲ್ಲ ತುಟಿಯಲ್ಲೋ ಗಂಟಲಲ್ಲೋ ಹುಟ್ಟುವ ಅಕ್ಷರಗಳು, ಅವಕ್ಕೆ ನಾಲಿಗೆಯ ಹಂಗು ಕಡಿಮೆ. ‘ಮೊಳ’ ಬರುವುದಿಲ್ಲ. ಳ, ಣ, ಟ, ಡ ಅನ್ನಲು ನಾಲಿಗೆಯ ತುದಿ ಮೇಲಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕು. ರ, ಲ, ತ, ನ ಕೂಡ ನಾಲಿಗೆಯದೇ ಕೆಲಸ. ನಮ್ಮ ಕನ್ನಡದಲ್ಲಿ ಇವನ್ನು ಬಿಟ್ಟು ಒಂದು ವಾಕ್ಯ ಕಟ್ಟಿ ನೋಡಿ, ಎಷ್ಟು ಉಳಿಯುತ್ತದೆ ಎಂದು ತಿಳಿಯುತ್ತದೆ. ಮಲ್ಲಿಗೆ, ಸೇವಂತಿಗೆ, ಕನಕಾಂಬರ, ಸುಗಂಧರಾಜ, ಇವುಗಳಲ್ಲಿ ಒಂದನ್ನೂ ಗಿರಾಕಿಗೆ ತಿಳಿಯುವ ಹಾಗೆ ಹೇಳಲು ಅಪ್ಪನಿಂದ ಆಗುವುದಿಲ್ಲ. ನನ್ನ ಹೆಸರಿನಲ್ಲೂ ಒಂದು ‘ಲ’ ಇದೆ. ಈಗ ಅವರು ನನ್ನನ್ನು ‘ಅಮ್ಮ’ ಅಂತಲೇ ಕರೆಯುತ್ತಾರೆ.

ಮಾತು ಹೋದರೂ ಅಳತೆ ಇರುತ್ತಿತ್ತು, ಅದೂ ಹೋಯಿತು. ನಾಲಿಗೆ ತೆಗೆದ ಜಾಗಕ್ಕೆ ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ತೆಗೆದು ಜೋಡಿಸಿದರು, ಕೈಗೆ ತೊಡೆಯ ಚರ್ಮ ಹಚ್ಚಿದರು. ಹತ್ತು ಗಂಟೆ ನಡೆದ ಕೆಲಸ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆಗಳು. ಅಷ್ಟು ಕೌಶಲ ನಮ್ಮ ಊರಲ್ಲಿದೆ ಎಂಬುದಕ್ಕೆ ನನಗೆ ಹೆಮ್ಮೆ ಇದೆ. ಆದರೆ ಅಪ್ಪ ಮೊಳ ಹಾಕುತ್ತಿದ್ದುದು ಆ ಎಡಗೈಯಲ್ಲೇ, ಮೊಣಕೈಯಿಂದ ಬೆರಳ ತುದಿಯವರೆಗೆ. ಮಾರು ಅಳೆಯಲು ಎರಡೂ ತೋಳು ಹೆಗಲ ಮಟ್ಟಕ್ಕೆ ಚಾಚಬೇಕು. ಕ್ಯಾನ್ಸರ್ ಹರಡಬಹುದಾದ ಕತ್ತಿನ ಗಂಟುಗಳನ್ನು (ದುಗ್ಧಗ್ರಂಥಿಗಳನ್ನು) ತೆಗೆದ ಮೇಲೆ ಎಡ ಹೆಗಲು ಇಳಿಬಿದ್ದಿದೆ, ಕೈ ಎದೆಯ ಮಟ್ಟ ದಾಟುವುದಿಲ್ಲ.

ಕೇಸ್ ಶೀಟಿನಲ್ಲಿ ವೃತ್ತಿ ಅನ್ನುವ ಕಡೆ ‘ವ್ಯಾಪಾರ’ ಎಂದು ಬರೆದಿತ್ತು. ಏನು ವ್ಯಾಪಾರ, ಅದನ್ನು ಯಾವ ಕೈಯಲ್ಲಿ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಇಂಥ ಜೋಡಣೆಗೆ ತೊಡೆಯಿಂದಲೂ ಚರ್ಮ ತೆಗೆಯುವ ವಿಧಾನ ಇದೆ ಎಂದು ಎಷ್ಟೋ ತಿಂಗಳ ಮೇಲೆ ನಮಗೆ ಗೊತ್ತಾಯಿತು. ಅಪ್ಪನಿಗೆ ಅದು ಹೊಂದುತ್ತಿತ್ತೋ ಇಲ್ಲವೋ, ತೀರ್ಮಾನ ಡಾಕ್ಟರದ್ದು. ಆದರೆ ಕೈಯ ವಿಷಯ ಅವರ ಕಿವಿಗೆ ಬಿದ್ದು ಆಮೇಲೆ ತೀರ್ಮಾನವಾಗಬೇಕಿತ್ತು.

ಕತ್ತಿನ ಆಪರೇಷನ್ ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದಿದೆ. ಬಾಯಿ ಕ್ಯಾನ್ಸರಿನ ಆರಂಭದ ಹಂತದಲ್ಲಿ, ಕತ್ತಿನಲ್ಲಿ ಗಂಟು ಕೈಗೆ ಸಿಗದಿದ್ದರೂ ಮೊದಲೇ ತೆಗೆದವರಲ್ಲಿ ಮೂರು ವರ್ಷದ ನಂತರ ಶೇ. 80ರಷ್ಟು ಜನ ಬದುಕಿದ್ದರು. ಗಂಟು ಕಾಣಿಸಿಕೊಂಡ ಮೇಲೆ ತೆಗೆದರಾಯಿತು ಎಂದು ಕಾದವರಲ್ಲಿ ಶೇ. 67.5. ಇಂಥ ವ್ಯತ್ಯಾಸದ ಮುಂದೆ ಹೆಗಲು ನೋವು ಅನ್ನುವ ಮಾತೆತ್ತಲು ನಾಚಿಕೆಯಾಗುತ್ತದೆ. ಆದರೂ ಎತ್ತುತ್ತೇನೆ. ಹೆಗಲನ್ನು ಎತ್ತುವ ನರ ಆ ಗಂಟುಗಳ ನಡುವೆಯೇ ಹಾದುಹೋಗುತ್ತದೆ, ಅದನ್ನು ಉಳಿಸಿ ಆಪರೇಷನ್ ಮಾಡಿದರೂ ಪೆಟ್ಟು ತಗಲಬಹುದು ಎಂಬುದು ಅಲ್ಲಿನ ಎಲ್ಲರಿಗೂ ತಿಳಿದ ವಿಷಯ. ತಿಳಿದಿದ್ದರೆ ಗಾಯ ಮಾಗಿದ ಕೂಡಲೇ ಫಿಸಿಯೋಥೆರಪಿ ಶುರುವಾಗಬೇಕಲ್ಲವೇ? ಅಪ್ಪನಿಗೆ ಶುರುವಾದದ್ದು ಏಳು ತಿಂಗಳಿಗೆ, ಅದೂ ನಾನು ಕೇಳಿದ ಮೇಲೆ. ಅಷ್ಟು ಹೊತ್ತಿಗೆ ಹೆಗಲ ಕೀಲು ಬಿಗಿದುಹೋಗಿತ್ತು.

ಆರು ವಾರ ವೇಟಿಂಗ್ ಹಾಲಿನಲ್ಲಿ ಕೂತರೆ ಸಂಸಾರವೇ ಬೆಳೆಯುತ್ತದೆ. ಅಲ್ಲಿ ಪರಿಚಯವಾದವರನ್ನು ನೆನೆಯದೆ ಈ ಪತ್ರ ಬರೆದರೆ ತಪ್ಪಾಗುತ್ತದೆ. ಒಬ್ಬರು ಶ್ರೀರಾಮಪುರದ ಟೈಲರಣ್ಣ. ಹುಣ್ಣು ಚಿಕ್ಕದಿರುವಾಗಲೇ ಬಂದವರು. ನಾಲಿಗೆಯ ಅಂಚನ್ನಷ್ಟೇ ತೆಗೆದು ಅಲ್ಲೇ ಹೊಲಿದಿದ್ದರು. ಅವರಿಗೆ ರೇಡಿಯೇಷನ್ ಬೇಕಾಗಲಿಲ್ಲ, ತಪಾಸಣೆಗೆ ಮಾತ್ರ ಬರುತ್ತಿದ್ದರು. ಆರು ತಿಂಗಳಲ್ಲಿ ಮೊದಲಿನಂತೆ ಮಾತಾಡಿದರು, ಮೆಷಿನ್ ತುಳಿದರು. ಅವರನ್ನು ನೋಡಿದಾಗಲೆಲ್ಲ ನಾನು ಶ್ರಾವಣದಿಂದ ಆಯುಧಪೂಜೆಯವರೆಗಿನ ವಾರಗಳನ್ನು ಎಣಿಸುತ್ತಿದ್ದೆ.

ಇನ್ನೊಬ್ಬರು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ. ಹೊಗೆಸೊಪ್ಪಿನ ಕಡ್ಡಿಪುಡಿಯನ್ನು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡೇ ಮಲಗುವ ಅಭ್ಯಾಸ ಅವರಿಗೆ ತಾಯಿಯಿಂದ ಬಂದದ್ದು. ಕೆನ್ನೆ ಮತ್ತು ವಸಡಿನ ಮಧ್ಯೆ ಬರುವ ಈ ಕ್ಯಾನ್ಸರ್ ನಮ್ಮ ದೇಶದಲ್ಲಿ ತುಂಬಾ ಹೆಚ್ಚು. ಕೆಳದವಡೆಯ ಮೂಳೆಯ ಒಂದು ಭಾಗ ತೆಗೆದು ಎದೆಯ ಮಾಂಸಖಂಡ ತಿರುಗಿಸಿ ಮುಚ್ಚಿದ್ದರು. ಕಾಲಿನ ಸಣ್ಣ ಮೂಳೆ ತೆಗೆದು ದವಡೆ ಕಟ್ಟುವ ವಿಧಾನವೂ ಇದೆ, ಅದರ ಮೇಲೆ ಮುಂದೆ ಹಲ್ಲು ಕೂರಿಸಬಹುದು. ಅದಕ್ಕೆ ಬೇಕಾದ ಸಮಯ, ನುರಿತ ತಂಡ, ಹಣ ಎಲ್ಲ ಕಡೆ ಇಲ್ಲ. ಆ ಅಕ್ಕನ ಮುಖ ಒಂದು ಕಡೆಗೆ ವಾಲಿದೆ. ಜೊಲ್ಲು ನಿಲ್ಲುವುದಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದೇ ಮಾತಾಡುತ್ತಾರೆ. ಕೆಲಸಕ್ಕೆ ಹಿಂದಿರುಗಿದರು, ಎರಡು ವಾರಕ್ಕೆ ಬಿಟ್ಟರು. ಮಧ್ಯಾಹ್ನ ಎಲ್ಲರ ಜೊತೆ ಡಬ್ಬಿ ಬಿಚ್ಚಲು ಮನಸ್ಸು ಬರಲಿಲ್ಲವಂತೆ.

ಇದೇ ರೀತಿ ಎದೆಯಿಂದ ಚರ್ಮ ತೆಗೆದು ಬಾಯಿ ಮುಚ್ಚಿಸಿಕೊಂಡ ಆಟೋ ಡ್ರೈವರ್ ಒಬ್ಬರಿದ್ದರು. ಒಂದು ದಿನ ನನ್ನ ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ, “ಬಾಯೊಳಗೆ ಕೂದಲು ಬೆಳೀತಾ ಇದೆ, ಕ್ಯಾನ್ಸರೇ ವಾಪಸ್ ಬಂತಾ?” ಎದೆಯ ಚರ್ಮ ಬಾಯೊಳಗೆ ಹೋದರೂ ಎದೆಯ ಚರ್ಮವೇ, ರೋಮ ಬೆಳೆಯುತ್ತದೆ. ಡಾಕ್ಟರಿಗೆ ಇದು ಮಾಮೂಲು. ಆ ಮನುಷ್ಯ ಯಾರನ್ನೂ ಕೇಳಲಾಗದೆ ತಿಂಗಳುಗಟ್ಟಲೆ ಸಾವಿನ ಭಯದಲ್ಲಿ ಆಟೋ ಓಡಿಸಿದ್ದರು. ಎರಡು ನಿಮಿಷದ ಮಾತು ಸಾಕಿತ್ತು.

ಆಪರೇಷನ್ ಮಾತ್ರ ಆದವರು, ಅದರ ಮೇಲೆ ರೇಡಿಯೇಷನ್ ಆದವರು, ಅದರ ಜೊತೆ ಕೀಮೋ ಕೂಡ ತೆಗೆದುಕೊಂಡವರು, ಈ ಮೂವರ ಮುಂದಿನ ದಿನಗಳು ಬೇರೆ ಬೇರೆ. ಒಂದೊಂದು ಚಿಕಿತ್ಸೆ ಸೇರಿದ ಹಾಗೂ ಭಾರ ಹೆಚ್ಚುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಎಲ್ಲರಿಗೂ ನರಕ. ವರ್ಷ ಕಳೆಯುವ ಹೊತ್ತಿಗೆ ನೋವು, ಆತಂಕ ಬಹುಪಾಲು ಇಳಿಯುತ್ತದೆ. ರೇಡಿಯೇಷನ್ ಆದವರಲ್ಲಿ ಇಳಿಯದೆ ಉಳಿಯುವುದು ಬಾಯಿ ಒಣಗುವುದು, ರುಚಿ ಕೆಡುವುದು, ದವಡೆ ಬಿಗಿಯುವುದು, ಹಲ್ಲು ಹುಳುಕಾಗುವುದು. ಕೀಮೋದಲ್ಲಿ ಕೊಡುವ ಸಿಸ್‌ಪ್ಲಾಟಿನ್ ಕಿವಿ ಕೇಳುವುದನ್ನೂ ಕುಗ್ಗಿಸಬಹುದು. ಅಪ್ಪನಿಗೆ ಕೀಮೋ ಬೇಕಾಗಲಿಲ್ಲ. ಆದರೆ ರೇಡಿಯೇಷನ್ ಮುಗಿದು ಎರಡು ತಿಂಗಳಿಗೆ ಯುಗಾದಿ ಬಂತು. ಬೇವು ಬೆಲ್ಲ ಅರೆದು ನೀರು ಮಾಡಿ ಕುಡಿಸಿದೆ. ಯಾವುದು ಬೇವು, ಯಾವುದು ಬೆಲ್ಲ ಅವರಿಗೆ ತಿಳಿಯಲಿಲ್ಲ. ‘ಮಣ್ಣು’ ಎಂದು ಹಾಳೆಯ ಮೇಲೆ ಬರೆದು ತೋರಿಸಿದರು.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಹಲ್ಲಿಲ್ಲದವರಿಗೂ ಮುದ್ದೆ ಸಲೀಸು. ಅಪ್ಪನಿಗೂ ಮುದ್ದೆಯಿಂದಲೇ ಶುರುಮಾಡೋಣ ಎಂದು ಅಮ್ಮ ಆಸೆಯಿಂದ ಬಸ್ಸಾರು ಮಾಡಿದರು. ತುತ್ತನ್ನು ಹಿಂದಕ್ಕೆ ತಳ್ಳುವುದು ನಾಲಿಗೆ ಎಂದು ನಮಗೆ ಅಂದೇ ತಿಳಿದದ್ದು. ತುತ್ತು ಬಾಯಲ್ಲೇ ಕೂತಿತು, ಕೆಮ್ಮು ಹತ್ತಿತು, ಅಮ್ಮ ಬೆರಳು ಹಾಕಿ ತೆಗೆದರು. ಅಂದಿನಿಂದ ಎಲ್ಲವೂ ಮಿಕ್ಸಿಗೆ. ಅನ್ನ ಸಾರು ಮಿಕ್ಸಿಗೆ, ಇಡ್ಲಿ ಹಾಲಿನ ಜೊತೆ ಮಿಕ್ಸಿಗೆ. ಮದುವೆ ಮನೆಗೆ ಹೋದರೆ ಹೂವಿನ ಅಲಂಕಾರ ನೋಡಿ, ಮುಯ್ಯಿ ಕೊಟ್ಟು, ಊಟದ ಪಂಕ್ತಿ ಹಾಕುವ ಮೊದಲೇ ಎದ್ದು ಬರುತ್ತಾರೆ. ಗದ್ದವನ್ನು ಎದೆಗೆ ತಾಗಿಸಿ ನುಂಗಿದರೆ ಕೆಮ್ಮು ಕಡಿಮೆಯಾಗುತ್ತದೆ ಎಂಬುದನ್ನು ಕಲಿಸಿದವರು ಸ್ಪೀಚ್ ಥೆರಪಿಯ ಹುಡುಗಿ. ಅವಳ ಬಳಿಗೆ ನಾವು ಹೋದದ್ದು ಒಂಬತ್ತನೇ ತಿಂಗಳಿಗೆ, ಬೇರೊಂದು ಕಡೆ, ಕೈಯಿಂದ ದುಡ್ಡು ಕೊಟ್ಟು. ಅವಳೇ ಮೊದಲ ಬಾರಿಗೆ ಕೇಳಿದ್ದು, “ಅಂಗಡೀಲಿ ಜಾಸ್ತಿ ಹೇಳ್ತಿದ್ದ ಹತ್ತು ಮಾತು ಬರ್ಕೊಡಿ ಅಂಕಲ್” ಎಂದು. ಅಪ್ಪ ಅಂದು ಬರೆದ ಪಟ್ಟಿಯಲ್ಲಿ ಮೊದಲನೆಯದು ‘ಮೊಳ’.

ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಲು ಒಂದು ಪ್ಲಾಸ್ಟಿಕ್ ಪಟ್ಟಿ ಸಾಕು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ದವಡೆ ಬಿಗಿದಿದೆ ಎಂದು ಲೆಕ್ಕ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವುದು, ಕೆಲವು ದಿನಕ್ಕೆ ಒಂದು ಕಡ್ಡಿ ಹೆಚ್ಚಿಸುವುದು, ಇದು ವ್ಯಾಯಾಮ. ರೇಡಿಯೇಷನ್ ನಡೆಯುವಾಗಲೇ ಬಿಡದೆ ಮಾಡಿದರೆ ಫಲ. ಅಪ್ಪನ ಬಾಯಿ ಈಗ ತೆರೆಯುವುದು 22 ಮಿಲಿಮೀಟರ್. ಹಲ್ಲುಜ್ಜುವ ಬ್ರಷ್ ಕೂಡ ಮಕ್ಕಳದು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಜೊಲ್ಲಿನ ಗ್ರಂಥಿಯನ್ನು ಆದಷ್ಟು ಉಳಿಸಿ ರೇಡಿಯೇಷನ್ ಕೊಡುವ ಐಎಂಆರ್‌ಟಿ ವಿಧಾನವನ್ನು ಬ್ರಿಟನ್ನಿನಲ್ಲಿ ಗಂಟಲಿನ ಕ್ಯಾನ್ಸರ್ ಇದ್ದವರಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಹಳೆಯ ವಿಧಾನದಲ್ಲಿ ಒಂದು ವರ್ಷದ ನಂತರವೂ ಬಾಯಿ ಒಣಗಿ ಕಷ್ಟಪಡುತ್ತಿದ್ದವರು ಶೇ. 74. ಹೊಸದರಲ್ಲಿ ಶೇ. 38. ಕ್ಯಾನ್ಸರಿನಿಂದ ಉಳಿಯುವುದು ಮಾತ್ರ ಲೆಕ್ಕವಾಗಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಾಯಿ ಒಣಗುವುದನ್ನು ಕೇಳಿ, ಬರೆದು, ಎಣಿಸಿದ್ದರಿಂದ ಅದು ಗೊತ್ತಾಯಿತು.

ನನ್ನ ಮುಖ್ಯ ಬೇಡಿಕೆ ಇಲ್ಲಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1993ರಲ್ಲಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಆದವರಿಗಾಗಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಈಗಿನ ರೂಪದಲ್ಲಿ ಅದು 12 ವಿಷಯ ಕೇಳುತ್ತದೆ: ನೋವು, ಮುಖದ ರೂಪ, ಓಡಾಟ, ಬಿಡುವಿನ ಸಂತೋಷ, ನುಂಗುವುದು, ಅಗಿಯುವುದು, ಮಾತು, ಹೆಗಲು, ರುಚಿ, ಜೊಲ್ಲು, ಮನಸ್ಸು, ಆತಂಕ. ತುಂಬಲು ಹೆಚ್ಚು ಹೊತ್ತು ಬೇಡ. ಕೊನೆಗೆ, ಕಳೆದ ಏಳು ದಿನದಲ್ಲಿ ನಿಮಗೆ ಮುಖ್ಯವಾಗಿದ್ದ ಮೂರನ್ನು ಗುರುತು ಮಾಡಿ ಎಂದೂ ಕೇಳುತ್ತದೆ. ಇದನ್ನೋ ಇಂಥದ್ದೇ ಇನ್ನೊಂದನ್ನೋ ನಮ್ಮ ಜನ ಆಡುವ ಕನ್ನಡದಲ್ಲಿ ಮುದ್ರಿಸಿ. ಚಿಕಿತ್ಸೆಗೆ ಮುಂಚೆ ಒಂದು ಸಲ, ಆಮೇಲೆ ಪ್ರತಿ ತಪಾಸಣೆಯಲ್ಲಿ ಒಂದು ಸಲ ತುಂಬಿಸಿ. ಓದಲು ಬಾರದವರಿಗೆ ಓದಿ ಹೇಳುವವರಿರಲಿ. ಉತ್ತರ ಕೇಸ್ ಶೀಟಿನಲ್ಲಿ ಸ್ಕ್ಯಾನ್ ರಿಪೋರ್ಟಿನ ಪಕ್ಕದಲ್ಲೇ ಇರಲಿ. ಹೆಗಲಿಗೆ ಕಡಿಮೆ ಅಂಕ ಬಂದರೆ, ಅಂದರೆ ತೊಂದರೆ ಹೆಚ್ಚಿದ್ದರೆ, ಅದೇ ದಿನ ಫಿಸಿಯೋಥೆರಪಿಗೆ, ನುಂಗುವುದಕ್ಕೆ ಕಡಿಮೆ ಬಂದರೆ ಸ್ಪೀಚ್ ಥೆರಪಿಗೆ ಕಳಿಸುವ ನಿಯಮವಾಗಲಿ. ಹೊಸೂರು ರಸ್ತೆಯಲ್ಲಿ 1973ರಿಂದ ನಡೆದುಬಂದಿರುವ ಕಿದ್ವಾಯಿ ಸಂಸ್ಥೆಗೆ ರಾಜ್ಯದ ಮೂಲೆ ಮೂಲೆಯಿಂದ ರೋಗಿಗಳು ಬರುತ್ತಾರೆ. ಅಂಥ ಸಂಸ್ಥೆ ಇದರಲ್ಲಿ ಮುಂದಾಳಾದರೆ ಉಳಿದ ಆಸ್ಪತ್ರೆಗಳು ಹಿಂದೆ ಬರುತ್ತವೆ.

ಕಲಿಸುವವರು ಎಲ್ಲಿದ್ದಾರೆ ಎಂದು ಕೇಳಬೇಡಿ. ಮಾತು ಮತ್ತು ನುಂಗುವಿಕೆಯ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಅಲ್ಲಿ ಓದಿದವರಿಗೆ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಹುದ್ದೆ ಕೊಡಿ. ಕಲಬುರಗಿಯಿಂದಲೋ ಚಾಮರಾಜನಗರದಿಂದಲೋ ಬಂದವರು ಹೆಗಲ ವ್ಯಾಯಾಮಕ್ಕೆಂದು ವಾರಕ್ಕೆರಡು ಸಲ ಬೆಂಗಳೂರಿಗೆ ಬರಲು ಆಗುತ್ತದೆಯೇ? ಚಾಮರಾಜಪೇಟೆಯಲ್ಲಿದ್ದ ನಮಗೇ ಕಷ್ಟವಾಯಿತು. ಶಕ್ತಿ ಯೋಜನೆ ಬಂದ ಮೇಲೆ ಜೊತೆಗೆ ಹೋಗುವ ನನಗೂ ಅಮ್ಮನಿಗೂ ಬಸ್ಸು ಉಚಿತ, ಅದಕ್ಕೆ ಮನಸಾರೆ ವಂದನೆ. ಟಿಕೆಟ್ ಕೊಳ್ಳಬೇಕಾದವರು ರೋಗಿ. ಚಿಕಿತ್ಸೆಯಲ್ಲಿರುವ ಗಂಡಸರಿಗೂ ಆ ಅನುಕೂಲ ಮಾಡಿಕೊಟ್ಟರೆ ಬೊಕ್ಕಸಕ್ಕೆ ದೊಡ್ಡ ಹೊರೆಯಾಗದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಷ್ಟೋ ಮನೆಗಳು ಅದರಿಂದ ಉಳಿದಿವೆ. ಬಾಯಿ ಕ್ಯಾನ್ಸರ್ ಆಪರೇಷನ್ನಿನ ಪ್ಯಾಕೇಜ್ ಎಂದರೆ ನಂತರದ ಒಂದು ವರ್ಷದ ಮಾತು, ಹೆಗಲು, ದವಡೆ, ಹಲ್ಲಿನ ಆರೈಕೆಯೂ ಸೇರಿದ ಒಂದೇ ಪ್ಯಾಕೇಜ್ ಎಂದು ಸ್ಪಷ್ಟವಾಗಿ ಬರೆಯಿರಿ. ಅದು ಬೇರೆ, ಇದು ಬೇರೆ ಎಂದಾಗಲೆಲ್ಲ ಬಡವರು ‘ಇದು’ ಬಿಟ್ಟುಬಿಡುತ್ತಾರೆ.

ಇನ್ನು ಅಪ್ಪ ಹೇಳಿಕೊಳ್ಳದ ಸಂಕಟದ ಬಗ್ಗೆ. ಅವರು ಬಾಯಿ ತೆರೆದರೆ ಜನ ಕುಡಿದಿದ್ದಾರೆ ಅಂದುಕೊಳ್ಳುತ್ತಾರೆ. ಜನ್ಮದಲ್ಲಿ ಹೆಂಡ ಮುಟ್ಟದ ಮನುಷ್ಯ. ಒಂದು ಸಂಜೆ ಮೈಸೂರು ಸರ್ಕಲ್ ಹತ್ತಿರ ಆಟೋದವರೊಬ್ಬರು, “ಇಳೀರಿ ಯಜಮಾನ್ರೇ, ಬೆಳಗ್ಗೆಯಿಂದ್ಲೇ ಹಾಕ್ಕೊಂಡಿದೀರಾ” ಎಂದು ಇಳಿಸಿ ಹೋದರು. ಅಪ್ಪ ಮನೆಗೆ ನಡೆದೇ ಬಂದರು. ಅಂದಿನಿಂದ ಒಬ್ಬರೇ ಹೊರಗೆ ಹೋಗುವುದಿಲ್ಲ. ಫೋನ್ ಎತ್ತುವುದಿಲ್ಲ. ಎತ್ತಿದರೆ ಎದುರಿನವರು ‘ಹಲೋ ಹಲೋ’ ಎಂದು ಎರಡು ಸಲ ಕೂಗಿ ಇಟ್ಟುಬಿಡುತ್ತಾರೆ. ಮನಸ್ಸು ಕುಗ್ಗಿದವರಿಗೆಂದು 2022ರಲ್ಲಿ ಆರಂಭವಾದ ಟೆಲಿಮನಸ್ ಸಹಾಯವಾಣಿ 14416, ಅದರ ಮುಖ್ಯ ಕೇಂದ್ರ ಇಲ್ಲೇ ನಿಮ್ಹಾನ್ಸಿನಲ್ಲಿದೆ. ಒಳ್ಳೆಯ ಕೆಲಸ. ಆದರೆ ಆ ಸಂಖ್ಯೆ ಒತ್ತಿ ಅಪ್ಪ ಏನು ಹೇಳಬೇಕು? 108ಕ್ಕೆ ಕರೆ ಮಾಡಿ ವಿಳಾಸ ಹೇಗೆ ಹೇಳಬೇಕು? ನಾಲಿಗೆ ಕಳೆದುಕೊಂಡವರು ಬರೆದು ಕಳಿಸಿದರೂ ಸಾಕು ಅನ್ನುವ ವ್ಯವಸ್ಥೆ ಮಾಡಿ, ಅದನ್ನು ಪ್ರತಿ ಕ್ಯಾನ್ಸರ್ ವಾರ್ಡಿನ ಗೋಡೆಯ ಮೇಲೆ ಬರೆಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಾತಿನ ವೈಕಲ್ಯವನ್ನು ವಿವರಿಸುವಾಗ ಧ್ವನಿಪೆಟ್ಟಿಗೆ ತೆಗೆಸಿಕೊಂಡವರನ್ನು ಉದಾಹರಣೆಯಾಗಿ ಹೆಸರಿಸುತ್ತದೆ. ನಾಲಿಗೆ ತೆಗೆಸಿಕೊಂಡವರ ಹೆಸರು ಅಲ್ಲಿಲ್ಲ, ಆದರೆ ‘ಇಂಥ ಕಾರಣಗಳಿಂದ’ ಎಂಬ ಮಾತಿನ ಅರ್ಥದಲ್ಲಿ ಅವರೂ ಬರಬೇಕು. ಪ್ರಮಾಣಪತ್ರ ಕೊಡುವ ವೈದ್ಯರಿಗೆ ಇಲಾಖೆಯಿಂದ ಒಂದು ಸುತ್ತೋಲೆ ಹೋದರೆ ಗೊಂದಲವೇ ಇರುವುದಿಲ್ಲ. ಕೈಯಲ್ಲಿ ಒಂದು ಕಾರ್ಡಿದ್ದರೆ ಆಟೋದವರಿಗೆ ತೋರಿಸಬಹುದಿತ್ತು.

ಅಡಿಕೆ, ಹೊಗೆಸೊಪ್ಪಿನ ಬಗ್ಗೆ ನಾನು ಹೆಚ್ಚು ಬರೆದಿಲ್ಲ. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿತು. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಮಾಡಿ ಅಕ್ಕಪಕ್ಕ ನೇತುಹಾಕಿದರು, ಕೊಂಡವರು ಅಂಗೈಯಲ್ಲಿ ಬೆರೆಸಿಕೊಂಡರು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿದೆ. ಅಡಿಕೆ ಬೆಳೆದು ಬದುಕುವ ನಾಡಿನಲ್ಲಿ ಆ ಮಾತು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದರ ಕೆಲಸ ನಡೆಯಲಿ. ಆದರೆ ದೇಶದಲ್ಲಿ ಈಗ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಬಾಯಿ ಮತ್ತು ತುಟಿಯ ಕ್ಯಾನ್ಸರ್ ಬರುತ್ತಿದೆ. ನೀನೇ ತಂದುಕೊಂಡದ್ದು ಎಂದು ಅವರಲ್ಲಿ ಬಹಳಷ್ಟು ಜನ ದಿನವೂ ಬೇರೆಯವರಿಂದ ಕೇಳಿಸಿಕೊಳ್ಳುತ್ತಾರೆ, ಅಪ್ಪ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹಾಗಾಗಿಯೇ ಯಾರೂ ಏನನ್ನೂ ಕೇಳುವುದಿಲ್ಲ, ಉಳಿದದ್ದೇ ಪುಣ್ಯ ಎಂದು ಸುಮ್ಮನಿರುತ್ತಾರೆ. ಅವರು ಕೇಳದಿರುವುದನ್ನು ಅವರಿಗೆ ಬೇಡವೆಂದು ತಿಳಿಯಬೇಡಿ.

ಆ 12 ಪ್ರಶ್ನೆಗಳನ್ನು ನಾನು ಮತ್ತು ತಮ್ಮ ಸೇರಿ ಮನೆಯಲ್ಲೇ ಕನ್ನಡಕ್ಕೆ ಮಾಡಿಕೊಂಡು ಕಳೆದ ಭಾನುವಾರ ಅಪ್ಪನ ಮುಂದೆ ಇಟ್ಟೆವು. ಕನ್ನಡಕ ಹಾಕಿಕೊಂಡು, ಅರ್ಧ ಗಂಟೆ ಕೂತು, ಎಲ್ಲದಕ್ಕೂ ಉತ್ತರ ಬರೆದರು. ಕೊನೆಯ ಮೂರು ಆಯ್ಕೆಯಲ್ಲಿ ನುಂಗುವುದನ್ನು ಗುರುತು ಮಾಡುತ್ತಾರೆಂದು ಅಮ್ಮ, ರುಚಿಯನ್ನು ಎಂದು ನಾನು ಅಂದುಕೊಂಡಿದ್ದೆವು. ಅವರು ಗುರುತು ಮಾಡಿದ್ದು ಮಾತು, ಹೆಗಲು, ಮನಸ್ಸು. ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: ‘ಬೆಳಗ್ಗೆ ಮೂರೂವರೆಗೆ ಈಗಲೂ ಎಚ್ಚರ ಆಗುತ್ತೆ.’ ಆ ಹಾಳೆಯ ಪ್ರತಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೂವಿನ ವ್ಯಾಪಾರಿಯ ಮಗಳು,
ಚಾಮರಾಜಪೇಟೆ, ಬೆಂಗಳೂರು